ವಿಮೆ ಇದೆಯಲ್ಲಾ ಎಂದು ಸಹಿ ಹಾಕುವ ಮುನ್ನ



ಮಂಗಳೂರು, ಉಡುಪಿ, ಭಟ್ಕಳ, ಪುತ್ತೂರು, ಯಾವ ಪೇಟೆಯೇ ಇರಲಿ, ಮಗ್ರಿಬ್ ಕಳೆದ ಬಳಿಕ ಒಮ್ಮೆ ಮುಖ್ಯರಸ್ತೆಯಲ್ಲಿ ಹಾದು ಬನ್ನಿ. ಫ್ರೈಡ್ ಚಿಕನ್, ಬರ್ಗರ್, ಶವರ್ಮಾ ಅಂಗಡಿಗಳ ಬೋರ್ಡುಗಳು ಸಾಲಾಗಿ ಬೆಳಗುತ್ತಿರುತ್ತವೆ. ಅವುಗಳಲ್ಲಿ ಅನೇಕ ಅಂಗಡಿಗಳಿಗೆ ಹೆಸರು ಒಬ್ಬರದ್ದು, ದುಡ್ಡು ಇನ್ನೊಬ್ಬರದ್ದು. ಹೆಸರಿನ ಒಡೆಯರು ದೂರದ ಯಾವುದೋ ನಗರದಲ್ಲಿರುತ್ತಾರೆ. ದುಡ್ಡು ಹಾಕಿದವರು ನಮ್ಮ ನಿಮ್ಮ ಮನೆಯವರು. ಗಲ್ಫ್‌ನಲ್ಲಿ ಹತ್ತು ಹದಿನೈದು ವರ್ಷ ದುಡಿದು ಊರಿಗೆ ಮರಳಿದವರು ಕೈಯಲ್ಲಿರುವ ಉಳಿತಾಯವನ್ನೆಲ್ಲ ಒಟ್ಟುಗೂಡಿಸಿ, ಸಾಲದ್ದಕ್ಕೆ ಬ್ಯಾಂಕಿನಿಂದಲೂ ಪಡೆದು, ಪ್ರಸಿದ್ಧ ಹೆಸರೊಂದನ್ನು ಬಾಡಿಗೆಗೆ ತರುತ್ತಾರೆ. ಇದಕ್ಕೆ ಫ್ರಾಂಚೈಸಿ ಎನ್ನುತ್ತಾರೆ.

ಇತ್ತೀಚೆಗೆ ಓರ್ವ ಸಹೋದರಿ ಫೋನ್ ಮಾಡಿದ್ದರು. "ಟೀಚರ್, ನಮ್ಮ ಮನೆಯವರು ಒಂದು ಚಿಕನ್ ಕಂಪೆನಿಯ ಫ್ರಾಂಚೈಸಿ ತೆಗೆದುಕೊಳ್ಳುತ್ತಿದ್ದಾರೆ. ಇಂಗ್ಲಿಷಿನಲ್ಲಿ ನಲ್ವತ್ತು ಪುಟದ ಕರಾರುಪತ್ರ ಇದೆ. ನನ್ನ ಚಿನ್ನ ಅಡವಿಡಬೇಕು, ಒಂದು ಕಡೆ ನನ್ನ ಸಹಿಯೂ ಬೇಕಂತೆ. ನಾಳೆ ಏನಾದರೂ ಆದರೆ ಎಂದು ಕೇಳಿದರೆ, ಹೆದರಬೇಡ, ಎಲ್ಲದಕ್ಕೂ ಇನ್ಸೂರೆನ್ಸ್ ಇದೆ ಅನ್ನುತ್ತಾರೆ. ಹೌದಾ ಟೀಚರ್?"

ಇನ್ಸೂರೆನ್ಸ್ ಇದೆ ಎಂಬುದು ಅರ್ಧ ಮಾತು. ಯಾರ ರಕ್ಷಣೆಗೆ ಇದೆ, ಯಾವ ಅಪಾಯಕ್ಕೆ ಇದೆ, ಎಷ್ಟಕ್ಕೆ ಇದೆ ಎಂಬುದು ಉಳಿದ ಅರ್ಧ. ಆ ಉಳಿದ ಅರ್ಧ ತಿಳಿಯದೆ ಎಷ್ಟೋ ಮನೆಗಳಲ್ಲಿ ಸಹಿಗಳು ಬೀಳುತ್ತಿವೆ. ಆದ್ದರಿಂದ ಈ ತಿಂಗಳ ಅಂಕಣವನ್ನು ಈ ಒಂದು ಪ್ರಶ್ನೆಗೇ ಮೀಸಲಿಡುತ್ತೇನೆ. ಸ್ವಲ್ಪ ಲೆಕ್ಕಾಚಾರ ಬರುತ್ತದೆ, ಬೇಸರಿಸಬೇಡಿ.

ಮೊದಲು ಕರಾರಿನ ವಿಷಯ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಭಾರತೀಯ ಕರಾರು ಕಾಯಿದೆಯೇ ಇದಕ್ಕೂ ಅನ್ವಯ. ಅಂದರೆ ನೀವು ಯಾವುದಕ್ಕೆ ಸಹಿ ಹಾಕಿದಿರೋ ಅದೇ ಬಹುಮಟ್ಟಿಗೆ ನಿಮ್ಮ ಕಾನೂನು. ಆ ಪುಟಗಳನ್ನು ಬರೆದವರು ಕಂಪೆನಿಯ ವಕೀಲರು. ಅವರು ಸಹಜವಾಗಿಯೇ ಕಂಪೆನಿಯ ಹಿತವನ್ನು ನೋಡಿ ಬರೆದಿರುತ್ತಾರೆ. ಮಸಾಲೆ ಅವರದ್ದು, ಎಣ್ಣೆಯಲ್ಲಿ ಎಷ್ಟು ಹೊತ್ತು ಕರಿಯಬೇಕೆಂಬ ನಿಯಮ ಅವರದ್ದು, ಬೋರ್ಡಿನ ಬಣ್ಣವೂ ಅವರದ್ದೇ. ಆದರೆ ಹೊಣೆ ಯಾರದ್ದು ಎಂಬ ಪುಟಕ್ಕೆ ಬಂದಾಗ ಮಾತ್ರ ನೀವು 'ಸ್ವತಂತ್ರ ವ್ಯಾಪಾರಿ' ಆಗಿಬಿಡುತ್ತೀರಿ! ಅಂಗಡಿಯಲ್ಲಿ ಏನೇ ಅನಾಹುತವಾಗಿ ಯಾರೇ ಕಂಪೆನಿಯ ಮೇಲೆ ದಾವೆ ಹೂಡಿದರೂ ಆ ನಷ್ಟವನ್ನು ನೀವು ತುಂಬಿಕೊಡಬೇಕು ಎಂಬ ಷರತ್ತು ಅಲ್ಲಿರುತ್ತದೆ. ಕರಾರು ಕಾಯಿದೆಯ 124ನೇ ಸೆಕ್ಷನ್ ಇಂತಹ ನಷ್ಟಭರ್ತಿಯ ವಾಗ್ದಾನಕ್ಕೆ ಮಾನ್ಯತೆ ನೀಡಿದೆ.

ಅದರ ಬೆನ್ನಿಗೇ ವಿಮೆಯ ಷರತ್ತು ಬರುತ್ತದೆ. ಸಾಮಾನ್ಯವಾಗಿ ಬೆಂಕಿ ವಿಮೆ, ಪಬ್ಲಿಕ್ ಲಯಬಿಲಿಟಿ ಎಂಬ ಸಾರ್ವಜನಿಕ ಹೊಣೆಯ ವಿಮೆ, ನೌಕರರ ಪರಿಹಾರದ ವಿಮೆ, ಇಷ್ಟನ್ನು ಕೇಳುತ್ತಾರೆ. ಪ್ರತಿ ವರ್ಷ ನವೀಕರಿಸಿ ಪ್ರತಿಯನ್ನು ಕಳುಹಿಸಬೇಕು. ಹೊಣೆಯ ಪಾಲಿಸಿಯಲ್ಲಿ ಕಂಪೆನಿಯ ಹೆಸರನ್ನೂ ಸೇರಿಸಬೇಕು ಎನ್ನುವವರೂ ಇದ್ದಾರೆ. ಕಂತು ಕಟ್ಟುವವರು ನೀವು, ರಕ್ಷಣೆ ಪಡೆಯುವವರು ಇಬ್ಬರೂ. ನವೀಕರಿಸಲು ಮರೆತರೆ ಅದನ್ನೇ ಕಾರಣವಾಗಿಸಿ ಫ್ರಾಂಚೈಸಿಯನ್ನು ರದ್ದುಪಡಿಸುವ ಅಧಿಕಾರವನ್ನೂ ಕಂಪೆನಿ ಇಟ್ಟುಕೊಂಡಿರಬಹುದು.

ಕಂಪೆನಿಗಳಿಗೆ ಇಷ್ಟೊಂದು ಭಯವೇಕೆ? ಈ ಪದ್ಧತಿ ಬಲವಾಗಿ ಬೆಳೆದದ್ದು ಅಮೆರಿಕದಲ್ಲಿ. 1993ರಲ್ಲಿ ಅಲ್ಲಿ ಜಾಕ್ ಇನ್ ದ ಬಾಕ್ಸ್ ಎಂಬ ಬರ್ಗರ್ ಸರಣಿಯ ಅಂಗಡಿಗಳಲ್ಲಿ ಸರಿಯಾಗಿ ಬೇಯದ ಮಾಂಸದಿಂದ ಇ. ಕೋಲೈ ರೋಗಾಣು ಹರಡಿ 700ಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, ನಾಲ್ವರು ಮಕ್ಕಳು ಮೃತಪಟ್ಟರು. ಒಂದೇ ಹೆಸರಿನ ಬೋರ್ಡು ಹಾಕಿಕೊಂಡಿದ್ದರಿಂದ ತಪ್ಪೇ ಮಾಡದ ಅಂಗಡಿಗಳ ವ್ಯಾಪಾರವೂ ಕುಸಿಯಿತು. ಹೆಸರಿನ ಬಾಡಿಗೆಗೆ ಹೀಗೊಂದು ಮುಖವೂ ಇದೆ. ಇನ್ನೆಲ್ಲೋ ಇರುವ ಅದೇ ಹೆಸರಿನ ಅಂಗಡಿಯ ಸುದ್ದಿ ಕೇಳಿ ನಿಮ್ಮಲ್ಲಿಗೆ ಗಿರಾಕಿ ಬರದಿದ್ದರೆ, ಆ ನಷ್ಟವನ್ನು ನಿಮ್ಮ ಸಾಮಾನ್ಯ ಪಾಲಿಸಿ ಕೊಡುವುದಿಲ್ಲ.

ಇಷ್ಟು ತಿಳಿದ ಮೇಲೆ ಒಂದು ವಿಷಯವನ್ನು ಬೇರ್ಪಡಿಸಿ ನೋಡಬೇಕು. ಕಂಪೆನಿ ಕೇಳುವ ವಿಮೆ ಬೇರೆ, ಬ್ಯಾಂಕ್ ಕೇಳುವ ವಿಮೆ ಬೇರೆ, ಸರಕಾರ ಕೇಳುವುದು ಬೇರೆ. ಕಂಪೆನಿ ತನ್ನ ಹೆಸರನ್ನು ಕಾಯುತ್ತದೆ, ಬ್ಯಾಂಕ್ ತನ್ನ ಸಾಲವನ್ನು ಕಾಯುತ್ತದೆ. ನಿಮ್ಮ ಮನೆಯನ್ನು ಕಾಯುವ ವಿಮೆಯನ್ನು ನೀವೇ ಕೇಳಿ ಪಡೆಯಬೇಕು.

ಸರಕಾರ ಕಡ್ಡಾಯಪಡಿಸಿರುವುದು ಮುಖ್ಯವಾಗಿ ಕೆಲಸಗಾರರ ವಿಷಯದಲ್ಲಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಅಂಗಡಿಗೆ ಇಎಸ್‌ಐ ಅನ್ವಯಿಸುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಇದರೊಳಗೆ ಬರುತ್ತಾರೆ. 2019ರ ಜುಲೈಯಿಂದ ಮಾಲಕರ ಪಾಲು ಶೇ. 3.25, ಕೆಲಸಗಾರನ ಪಾಲು ಶೇ. 0.75. ಹುಡುಗನಿಗೆ 16,000 ರೂ. ಸಂಬಳ ಎಂದಾದರೆ ನೀವು ಕಟ್ಟುವುದು 520 ರೂ., ಅವನ ಸಂಬಳದಿಂದ ಹಿಡಿಯುವುದು 120 ರೂ. ಒಟ್ಟು 640 ರೂಪಾಯಿಯಲ್ಲಿ ಅವನ ಕುಟುಂಬಕ್ಕೆ ಚಿಕಿತ್ಸೆ ಸಿಗುತ್ತದೆ. ಕೆಲಸದ ವೇಳೆ ಅವನು ಮೃತಪಟ್ಟರೆ ಅವನ ಪತ್ನಿ ಮಕ್ಕಳಿಗೆ ಸಂಬಳದ ಶೇ. 90ರ ಲೆಕ್ಕದಲ್ಲಿ ತಿಂಗಳು ತಿಂಗಳು ಹಣ ಸಿಗುತ್ತದೆ. ಇಷ್ಟು ಅಗ್ಗದ ರಕ್ಷಣೆ ಬೇರೆಲ್ಲೂ ಇಲ್ಲ. ಆದರೂ ಹನ್ನೆರಡು ಮಂದಿ ಇದ್ದಲ್ಲಿ ರಿಜಿಸ್ಟರಿನಲ್ಲಿ ಒಂಭತ್ತು ಹೆಸರು ಬರೆಯುವ ಜಾಣತನ ನಮ್ಮ ಕೆಲವು ವ್ಯಾಪಾರಿಗಳಲ್ಲಿದೆ. ಹೆಸರಿಲ್ಲದ ಆ ಮೂವರು ಹೆಚ್ಚಾಗಿ ಅಸ್ಸಾಂ, ಬಂಗಾಳ ಅಥವಾ ನೇಪಾಳದಿಂದ ಬಂದ ಹುಡುಗರೇ ಆಗಿರುತ್ತಾರೆ.

ನಮ್ಮಲ್ಲಿ ಐದೇ ಜನ, ಹಾಗಾಗಿ ನಮಗೇನೂ ಇಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರೂ ಇದ್ದಾರೆ. ಇದು ಬಹಳ ದೊಡ್ಡ ತಪ್ಪು ತಿಳುವಳಿಕೆ. ಹತ್ತಕ್ಕಿಂತ ಕಡಿಮೆ ಜನರಿದ್ದರೆ ಇಎಸ್‌ಐ ಕಡ್ಡಾಯವಿಲ್ಲ ನಿಜ. ಆದರೆ ಕೆಲಸದಿಂದಾಗಿ ಅಪಘಾತವಾದರೆ ಪರಿಹಾರ ಕೊಡುವ ಹೊಣೆ ಒಬ್ಬನೇ ನೌಕರನಿದ್ದರೂ ಮಾಲಕನ ಮೇಲೆ ಬೀಳುತ್ತದೆ. 1923ರ ಕಾಯಿದೆಯಲ್ಲಿ ಹೀಗಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನೇ ಮುಂದುವರಿಸಿದೆ. ಮೊತ್ತ ಎಷ್ಟಾಗಬಹುದು? 1923ರ ಕಾಯಿದೆಯ ಪಟ್ಟಿಯಂತೆ, 15,000 ರೂ. ಸಂಬಳದ 25ರ ಹರೆಯದ ಹುಡುಗನೊಬ್ಬ ಕೆಲಸದಲ್ಲಿ ಮೃತಪಟ್ಟರೆ, ಸಂಬಳದ ಅರ್ಧವಾದ 7,500ನ್ನು ಅವನ ವಯಸ್ಸಿಗೆ ನಿಗದಿಯಾದ 216.91ರಿಂದ ಗುಣಿಸಬೇಕು. 16 ಲಕ್ಷ ರೂಪಾಯಿ ದಾಟುತ್ತದೆ. ಹರೆಯ ಕಡಿಮೆಯಾದಷ್ಟೂ ಮೊತ್ತ ಹೆಚ್ಚು. ಇಲ್ಲಿ ವಿಮೆ ಮಾಡಿಸುವುದು ನಿಮ್ಮ ಇಚ್ಛೆ, ಆದರೆ ಹೊಣೆ ಮಾತ್ರ ಕಡ್ಡಾಯ. ಫ್ರೈಯರ್‌ನಲ್ಲಿ ಸದಾ ಕುದಿಯುವ ಎಣ್ಣೆ, ಜಿಡ್ಡಿನ ನೆಲ, ಶವರ್ಮಾದ ಉದ್ದನೆಯ ಚೂರಿ, ಮಾಂಸ ಕತ್ತರಿಸುವ ಯಂತ್ರ. ಇಂತಹ ಅಡುಗೆಮನೆಯಲ್ಲಿ ಅಪಘಾತ ಆಗುವುದೇ ಇಲ್ಲ ಎಂದು ಯಾರು ತಾನೇ ಹೇಳಬಲ್ಲರು? ಮಧ್ಯರಾತ್ರಿ ಅಂಗಡಿ ಮುಚ್ಚಿ ಬೈಕಿನಲ್ಲಿ ಕೋಣೆಗೆ ಮರಳುವ ದಾರಿಯಲ್ಲಿ ಅಪಘಾತವಾದರೂ, ಅದಕ್ಕೂ ಕೆಲಸಕ್ಕೂ ಸಂಬಂಧ ಕಂಡುಬಂದರೆ ಹೊಸ ಸಂಹಿತೆ ಅದನ್ನು ಕೆಲಸದ ಅಪಘಾತವೆಂದೇ ಪರಿಗಣಿಸುತ್ತದೆ. ಆದ್ದರಿಂದ ಐದು ಜನರ ಅಂಗಡಿಯಾದರೂ ನೌಕರರ ಪರಿಹಾರದ ಪಾಲಿಸಿ ಇರಲಿ. ಪಾಲಿಸಿಯಲ್ಲಿ ನಿಜವಾದ ಸಂಖ್ಯೆ, ನಿಜವಾದ ಸಂಬಳ ಬರೆದಿರಲಿ.

ಅಂಗಡಿಯ ಡೆಲಿವರಿ ಸ್ಕೂಟರಿಗೆ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯವೆಂಬುದು ನಿಮಗೆ ಗೊತ್ತೇ ಇದೆ. ಸಿಕ್ಕಿಬಿದ್ದರೆ ಮೊದಲ ಸಲ 2,000 ರೂ. ದಂಡ ಅಥವಾ ಜೈಲು. ದಂಡಕ್ಕಿಂತಲೂ ಯಾರಿಗಾದರೂ ಗುದ್ದಿದರೆ ಕೊಡಬೇಕಾಗುವ ಪರಿಹಾರವೇ ದೊಡ್ಡದು. ಮನೆಯ ಹಳೆಯ ಸ್ಕೂಟರನ್ನು ಅಂಗಡಿಗೆ ಕೊಟ್ಟಿದ್ದರೆ ಅದು ಯಾವ ಬಳಕೆಗೆಂದು ಪಾಲಿಸಿಯಲ್ಲಿ ನಮೂದಾಗಿದೆ ಎಂದು ನೋಡಿಕೊಳ್ಳಿ.

ಈಗ ತಿನ್ನುವವರ ಮಾತಿಗೆ ಬರೋಣ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದೇ. ಅತಿ ಹೆಚ್ಚು ತಪ್ಪು ತಿಳುವಳಿಕೆ ಇರುವುದೂ ಇಲ್ಲಿಯೇ. ನಮ್ಮ ನೆರೆಯ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳಲ್ಲಿ ನಡೆದುದನ್ನು ನೀವು ಮರೆತಿರಲಾರಿರಿ. ಶವರ್ಮಾ ತಿಂದು ಹಲವಾರು ಮಂದಿ ಆಸ್ಪತ್ರೆ ಸೇರಿದರು. ಹದಿನಾರರ ಹರೆಯದ ವಿದ್ಯಾರ್ಥಿನಿಯೊಬ್ಬಳು ಪ್ರಾಣ ಕಳಕೊಂಡಳು. ಶಿಗೆಲ್ಲ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಸಂಜೆ ಟ್ಯೂಷನ್ ಮುಗಿಸಿ ಗೆಳತಿಯರ ಜೊತೆ ಒಂದು ರೋಲ್ ತಿನ್ನುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಆ ತಾಯಿಯ ಸ್ಥಾನದಲ್ಲಿ ಒಮ್ಮೆ ನಿಂತು ಯೋಚಿಸಿದರೆ ವಿಮೆಯ ಈ ಒಣ ಮಾತಿಗೆ ಅರ್ಥ ಬರುತ್ತದೆ.

2006ರ ಆಹಾರ ಸುರಕ್ಷತಾ ಕಾಯಿದೆಯ 65ನೇ ಸೆಕ್ಷನ್ ಪ್ರಕಾರ, ಆಹಾರದಿಂದ ಗ್ರಾಹಕ ಮೃತಪಟ್ಟರೆ ಕನಿಷ್ಠ 5 ಲಕ್ಷ ರೂ. ಪರಿಹಾರ, ತೀವ್ರ ಹಾನಿಗೆ 3 ಲಕ್ಷದವರೆಗೆ, ಇತರ ಹಾನಿಗೆ 1 ಲಕ್ಷದವರೆಗೆ. ಒಂದೇ ದಿನ ಐವತ್ತು ಮಂದಿ ಅಸ್ವಸ್ಥರಾದರೆ ಎಷ್ಟಾಗುತ್ತದೆಂದು ನೀವೇ ಗುಣಿಸಿ. ಇದಲ್ಲದೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಪ್ರತ್ಯೇಕ ದೂರಿಗೂ ಅವಕಾಶವಿದೆ. ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ ಕನಿಷ್ಠ ಏಳು ವರ್ಷದ ಜೈಲು ಶಿಕ್ಷೆಯ ವಿಧಿಯೂ ಆಹಾರ ಕಾಯಿದೆಯಲ್ಲಿದೆ. ಜೈಲಿಗಾಗಲಿ ದಂಡಕ್ಕಾಗಲಿ ಯಾವ ವಿಮೆಯೂ ಇಲ್ಲ.

ಪರಿಹಾರಕ್ಕಾದರೂ ವಿಮೆ ಇದೆಯೇ? ಇದೆ, ಆದರೆ ನೀವು ಕೇಳಿದ್ದರೆ ಮಾತ್ರ. ಪಬ್ಲಿಕ್ ಲಯಬಿಲಿಟಿ ಪಾಲಿಸಿ ಎಂಬುದು ಮೂಲತಃ ನಿಮ್ಮ ಜಾಗದಲ್ಲಿ ಹೊರಗಿನವರಿಗೆ ಆಗುವ ಅಪಘಾತಕ್ಕೆ. ಒದ್ದೆ ನೆಲದಲ್ಲಿ ಜಾರಿ ಅಜ್ಜಿಯೊಬ್ಬರ ಸೊಂಟ ಮುರಿಯಿತು, ಬೋರ್ಡು ಕಳಚಿ ಯಾರದೋ ತಲೆಗೆ ಬಿತ್ತು, ಇಂಥವು. ತಿಂದ ಆಹಾರದಿಂದಾಗುವ ಕಾಯಿಲೆ ಅದರೊಳಗೆ ತಾನಾಗಿಯೇ ಸೇರಿರುತ್ತದೆ ಎಂದು ಭಾವಿಸಬಾರದು. ಆಹಾರ ಮತ್ತು ಪಾನೀಯದ ಹೊಣೆಯನ್ನು ಹೆಚ್ಚುವರಿ ಕಂತು ಕಟ್ಟಿ ಸೇರಿಸಿಕೊಳ್ಳಬೇಕಾಗುತ್ತದೆ, ಇಲ್ಲವೇ ಪ್ರತ್ಯೇಕ ಪ್ರಾಡಕ್ಟ್ ಲಯಬಿಲಿಟಿ ಪಾಲಿಸಿ ಪಡೆಯಬೇಕಾಗುತ್ತದೆ. ಚಿಕನ್ ಮಾರುವವನ ಪಾಲಿಸಿಯಲ್ಲಿ ಚಿಕನ್ನೇ ಇಲ್ಲದಿದ್ದರೆ ಏನು ಪ್ರಯೋಜನ? ಕಂಪೆನಿ ಕೇಳಿದ ಕಾಗದವನ್ನು ಏಜೆಂಟ್ ತಂದುಕೊಟ್ಟ, ಫೈಲಿನಲ್ಲಿ ಸೇರಿತು ಎಂದಷ್ಟಕ್ಕೇ ಬಿಟ್ಟುಬಿಡುವ ಕಡೆಯಲ್ಲೆಲ್ಲ ಈ ಅಪಾಯವಿದೆ.

ಇನ್ನೂ ಎರಡು ವಿಷಯ ನೋಡಬೇಕು. ಒಂದು ಘಟನೆಗೆ ಗರಿಷ್ಠ ಎಷ್ಟು, ಇಡೀ ವರ್ಷಕ್ಕೆ ಗರಿಷ್ಠ ಎಷ್ಟು ಎಂದು ಪ್ರತ್ಯೇಕವಾಗಿ ಬರೆದಿರುತ್ತದೆ. ಮತ್ತೊಂದು, ಇಂತಹ ಪಾಲಿಸಿಗಳಲ್ಲಿ ಘಟನೆ ನಡೆದ ದಿನ ಮಾತ್ರವಲ್ಲ, ಪರಿಹಾರದ ಬೇಡಿಕೆ ಬಂದ ದಿನವೂ ಪಾಲಿಸಿ ಜೀವಂತವಾಗಿರಬೇಕು ಎಂಬ ಷರತ್ತು ಸಾಮಾನ್ಯ. ಮಾರ್ಚಿನಲ್ಲಿ ಕಾಯಿಲೆ, ಜೂನಿನಲ್ಲಿ ವಕೀಲರ ನೋಟಿಸು, ನಡುವೆ ಎಪ್ರಿಲ್‌ನಲ್ಲಿ ನವೀಕರಣ ತಪ್ಪಿತ್ತು ಎಂದಾದರೆ ಕೈಗೆ ಏನೂ ಬಾರದು.

ಕೆಲವು ಏಜೆಂಟರು 1991ರ ಸಾರ್ವಜನಿಕ ಹೊಣೆ ವಿಮಾ ಕಾಯಿದೆಯನ್ನು ತೋರಿಸಿ ಇದು ಸರಕಾರದ ಕಡ್ಡಾಯ ಎನ್ನುವುದುಂಟು. ಆ ಕಾಯಿದೆ ಬಂದದ್ದು 1984ರ ಭೋಪಾಲ್ ದುರಂತದ ನಂತರ, ಅಪಾಯಕಾರಿ ರಾಸಾಯನಿಕಗಳನ್ನು ಬಳಸುವ ಉದ್ಯಮಗಳಿಗಾಗಿ. ಸಾಮಾನ್ಯ ಹೋಟೆಲು ಅದರೊಳಗೆ ಬರುವುದಿಲ್ಲ. ಅಂದರೆ ಗ್ರಾಹಕರ ಹೊಣೆಯ ವಿಮೆಯನ್ನು ಕಾನೂನು ನಿಮ್ಮಿಂದ ಕೇಳುತ್ತಿಲ್ಲ. ಅದಿಲ್ಲದೆಯೂ ಅಂಗಡಿ ತೆರೆಯಬಹುದು. ಆದರೆ ತೆರೆಯಬಾರದು ಎಂಬುದು ನನ್ನ ಅಭಿಪ್ರಾಯ.

ವಿಮೆ ಮಾಡಿಸಿದ್ದೇವಲ್ಲಾ ಎಂದು ಅಡುಗೆಮನೆಯಲ್ಲಿ ಉದಾಸೀನವೂ ಸಲ್ಲದು. ಕಬಾಬ್‌ಗೆ ಕೃತಕ ಬಣ್ಣ ಬಳಸುವುದನ್ನು ಕರ್ನಾಟಕ ಸರಕಾರ 2024ರ ಜೂನ್‌ನಲ್ಲಿ ನಿಷೇಧಿಸಿದೆ. ನಿಷೇಧವಿದೆಯೆಂದು ತಿಳಿದೂ ಬಣ್ಣ ಹಾಕಿದವನ ಪರವಾಗಿ ವಿಮಾ ಕಂಪೆನಿ ಹಣ ಕೊಡುತ್ತದೆಂದು ನಿರೀಕ್ಷಿಸಬೇಡಿ.

ಇಷ್ಟು ಹೇಳುವಾಗ ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಎದ್ದಿರಬಹುದು. ವಿಮೆ ನಮಗೆ ಸಮ್ಮತವೇ? ಈ ಪ್ರಶ್ನೆ ನ್ಯಾಯವಾದದ್ದೇ. 1985ರ ಡಿಸೆಂಬರ್‌ನಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಖ್ಹ್ ಅಕಾಡೆಮಿಯು ನಿಗದಿತ ಕಂತಿನ ವಾಣಿಜ್ಯ ವಿಮೆಯಲ್ಲಿ ಗರರ್, ಅಂದರೆ ಅತಿಯಾದ ಅನಿಶ್ಚಿತತೆ ಇರುವುದರಿಂದ ಅದು ನಿಷಿದ್ಧವೆಂದೂ, ಪರಸ್ಪರ ಸಹಕಾರದ ವಿಮೆ ಸಮ್ಮತವೆಂದೂ ತೀರ್ಮಾನಿಸಿತು. ಗಲ್ಫ್‌ನಲ್ಲಿದ್ದವರು ನೋಡಿರುವ ತಕಾಫುಲ್ ಕಂಪೆನಿಗಳು ಆ ಮಾದರಿಯವು. ನಮ್ಮ ದೇಶದಲ್ಲಿ ಪರವಾನಿಗೆ ಪಡೆದ ತಕಾಫುಲ್ ಕಂಪೆನಿ ಇಲ್ಲ. ಕೋಮುಗಲಭೆಗಳಲ್ಲಿ ಮುಸ್ಲಿಮರ ಅಂಗಡಿ ಮನೆಗಳು ಸುಟ್ಟುಹೋಗುತ್ತಿದ್ದ ಹಿನ್ನೆಲೆಯಲ್ಲಿ ಭಾರತದ ಇಸ್ಲಾಮಿಕ್ ಫಿಖ್ಹ್ ಅಕಾಡೆಮಿ 1990ರ ದಶಕದಲ್ಲಿ ಇಲ್ಲಿನ ಪರಿಸ್ಥಿತಿಯನ್ನು ಪರಿಗಣಿಸಿ ವಿಮೆಗೆ ಅವಕಾಶ ನೀಡಿತು. ಕಾನೂನು ಕಡ್ಡಾಯಪಡಿಸಿದ ವಿಮೆಯ ಬಗ್ಗೆ ವಿದ್ವಾಂಸರು ಸಾಮಾನ್ಯವಾಗಿ ರಿಯಾಯಿತಿ ತೋರಿದ್ದಾರೆ. ಉಳಿದುದರ ಬಗ್ಗೆ ನಿಮಗೆ ವಿಶ್ವಾಸವಿರುವ ವಿದ್ವಾಂಸರಲ್ಲಿ ಪಾಲಿಸಿಯ ವಿವರ ಸಹಿತ ಕೇಳಿರಿ.

ನಾನು ಒಂದು ಮಾತನ್ನಷ್ಟೇ ಸೇರಿಸುತ್ತೇನೆ. ನಮ್ಮ ಸೊತ್ತಿನ ರಕ್ಷಣೆಗೆ ಮಾಡಿಸುವ ವಿಮೆ ಮತ್ತು ನಮ್ಮಿಂದ ಇನ್ನೊಬ್ಬರಿಗಾಗುವ ಹಾನಿಗೆ ಮಾಡಿಸುವ ವಿಮೆ ಒಂದೇ ಅಲ್ಲ. ಅಚಾತುರ್ಯದಿಂದ ಒಂದು ಜೀವ ಹೋದರೂ ದಿಯತ್ ಕೊಡಬೇಕೆಂಬುದು ಇಸ್ಲಾಮೀ ಕರ್ಮಶಾಸ್ತ್ರದ ನಿಯಮ. ಒಬ್ಬನಿಂದ ಅಷ್ಟು ಹೊರಲಾಗದು ಎಂಬ ಕಾರಣಕ್ಕೆ ಅವನ ಆಖಿಲ, ಅಂದರೆ ತಂದೆಯ ಕಡೆಯ ಬಂಧುಗಳು ಒಟ್ಟಾಗಿ ಅದನ್ನು ಭರಿಸುವ ವ್ಯವಸ್ಥೆಯಿತ್ತು. ಇಂದು ನಮ್ಮ ಅಂಗಡಿಯಲ್ಲಿ ಸತ್ತವನ ಮನೆಯವರಿಗೆ ಕೊಡಲು ಯಾವ ಬಂಧುಗಳು ಕೂಡಿಬರುತ್ತಾರೆ? ವಿಮೆ ಬೇಡ ಎನ್ನುವವರು ಆ ಹಣವನ್ನು ಬೇರೆ ಯಾವ ದಾರಿಯಲ್ಲಿ ತೆಗೆದಿಟ್ಟಿದ್ದೇವೆಂದು ಹೇಳಲೇಬೇಕು. ಅದು ಇನ್ನೊಬ್ಬರ ಹಕ್ಕು.

ಬೆಂಕಿ ವಿಮೆಯ ಬಗ್ಗೆ ಹೇಳದೆ ಈ ಲೇಖನ ಪೂರ್ತಿಯಾಗದು. ಕುದಿಯುವ ಎಣ್ಣೆ, ಗ್ಯಾಸ್, ಹೊಗೆ ಕೊಳವೆಯೊಳಗೆ ಮೆತ್ತಿದ ಜಿಡ್ಡು, ಇವೆಲ್ಲ ಸೇರಿದಲ್ಲಿ ಬೆಂಕಿ ದೂರದ ಅಪಾಯವಲ್ಲ. 2021ರ ಎಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗಾಗಿ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಪಾಲಿಸಿ ಬಂದಿದೆ. ಒಂದು ಜಾಗದಲ್ಲಿ 5 ಕೋಟಿ ರೂ.ವರೆಗಿನ ಸೊತ್ತಿದ್ದರೆ ಇದನ್ನು ಪಡೆಯಬಹುದು. ಬೆಂಕಿ, ಸ್ಫೋಟ, ಸಿಡಿಲು, ನೆರೆ, ಬಿರುಗಾಳಿ, ಗಲಭೆ ಎಲ್ಲವೂ ಇದರಲ್ಲಿ ಸೇರಿದೆ.

ಆದರೆ ಕಂತು ಕಡಿಮೆಯಾಗಲೆಂದು ಸೊತ್ತಿನ ಬೆಲೆಯನ್ನು ತಗ್ಗಿಸಿ ಬರೆಸುವ ಅಭ್ಯಾಸ ನಮ್ಮಲ್ಲಿದೆ. ಇದರ ಪರಿಣಾಮ ನೋಡಿ. ನಿಮ್ಮ ಫ್ರೈಯರ್, ಫ್ರೀಜರ್, ಪೀಠೋಪಕರಣ, ಒಳಾಂಗಣ ಎಲ್ಲ ಸೇರಿ 20 ಲಕ್ಷದ್ದು. ನೀವು ಬರೆಸಿದ್ದು 10 ಲಕ್ಷ. ಬೆಂಕಿಯಲ್ಲಿ 4 ಲಕ್ಷದ ನಷ್ಟವಾಯಿತು. 10 ಲಕ್ಷದ ಪಾಲಿಸಿ ಇದೆಯಲ್ಲಾ, 4 ಲಕ್ಷ ಪೂರ್ತಿ ಸಿಗುತ್ತದೆ ಎಂದು ನೀವು ಭಾವಿಸುತ್ತೀರಿ. ಸಿಗುವುದು 2 ಲಕ್ಷ! ಅರ್ಧ ಬೆಲೆಗೆ ವಿಮೆ ಮಾಡಿಸಿದವರಿಗೆ ಪ್ರತಿ ನಷ್ಟದಲ್ಲೂ ಅರ್ಧವೇ. ಸೂಕ್ಷ್ಮ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಯನ್ನು ಮನ್ನಿಸುತ್ತಾರೆ, ಅದಕ್ಕಿಂತ ಹೆಚ್ಚಾದರೆ ಇದೇ ಲೆಕ್ಕ.

ಅರ್ಜಿಯನ್ನು ಏಜೆಂಟ್ ತುಂಬಿಸಿದ್ದರೂ ಸಹಿ ನಿಮ್ಮದೇ. ಎಣ್ಣೆಯಲ್ಲಿ ಕರಿಯುವ ಅಂಗಡಿಯನ್ನು ಜ್ಯೂಸ್ ಸೆಂಟರ್ ಎಂದು ಬರೆದಿದ್ದರೆ ಆ ಒಂದು ಸಾಲು ಸಾಕು, ಪರಿಹಾರ ತಿರಸ್ಕೃತವಾಗಬಹುದು. ಮನೆಗೆ ಬಂದ 14.2 ಕಿಲೋದ ಗ್ಯಾಸ್ ಸಿಲಿಂಡರನ್ನು ಅಂಗಡಿಗೆ ಸಾಗಿಸುವುದೂ ಅಷ್ಟೇ ಅಪಾಯಕಾರಿ. ಅಂಗಡಿಗೆ ಇರುವುದು 19 ಕಿಲೋದ ವಾಣಿಜ್ಯ ಸಿಲಿಂಡರ್. ಮನೆಯದ್ದನ್ನು ಅಲ್ಲಿ ಬಳಸುವುದು ಕಾನೂನುಬಾಹಿರ, ಅದರಿಂದಲೇ ಬೆಂಕಿ ಹತ್ತಿದರೆ ಪರಿಹಾರ ನಿರಾಕರಿಸಲು ನೀವೇ ಕಾರಣ ಕೊಟ್ಟಂತೆ.

ಮನೆಯಲ್ಲಿ ಕೆಲಸ ಮಾಡುವ ಸಹೋದರಿಯರು ಇದನ್ನು ವಿಶೇಷವಾಗಿ ಗಮನಿಸಿ. ಎಷ್ಟೋ ಅಂಗಡಿಗಳ ಚಿಕನ್‌ಗೆ ಮಸಾಲೆ ಸವರುವುದು, ಮಯೊನೈಸ್ ತಯಾರಿಸುವುದು ಮನೆಯ ಹೆಂಗಸರೇ. ಹೆಚ್ಚುವರಿ ಫ್ರೀಜರ್ ಕೂಡ ಮನೆಯ ಹಿಂಬದಿಯಲ್ಲೇ ಇರುತ್ತದೆ. ಪಾಲಿಸಿಯಲ್ಲಿ ಯಾವ ವಿಳಾಸ ಬರೆದಿದೆಯೋ ಆ ಜಾಗಕ್ಕೆ ಮಾತ್ರ ರಕ್ಷಣೆ. ಮನೆಯಲ್ಲಿಟ್ಟ ಅಂಗಡಿಯ ಸಾಮಾನಿಗೆ ಅದು ತಲುಪುವುದಿಲ್ಲ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋಗಿ ಫ್ರೀಜರಿನ ಚಿಕನ್ ಕೊಳೆತರೂ ಬೆಂಕಿ ವಿಮೆ ಕೊಡದು, ತಾಪಮಾನದ ಬದಲಾವಣೆಯಿಂದ ಹಾಳಾಗುವ ದಾಸ್ತಾನು ಅದರ ಹೊರಗೆ. ಅಂಗಡಿ ಮುಚ್ಚಿದ ದಿನಗಳ ಆದಾಯ ನಷ್ಟಕ್ಕೂ ಬೇರೆಯೇ ಪಾಲಿಸಿ ಬೇಕು. ಅದೂ ಬೆಂಕಿಯಂತಹ ಕಾರಣದಿಂದ ಸೊತ್ತಿಗೆ ಹಾನಿಯಾಗಿ ಮುಚ್ಚಿದರೆ ಮಾತ್ರ. 2020ರ ಲಾಕ್‌ಡೌನ್‌ನಲ್ಲಿ ಸೊತ್ತಿಗೇನೂ ಆಗಿರಲಿಲ್ಲ. ಆದ್ದರಿಂದ ಇಂತಹ ಪಾಲಿಸಿ ಇದ್ದವರಿಗೂ ಅದು ಆಸರೆಯಾಗಲಿಲ್ಲ, ಬಾಡಿಗೆ ಮಾತ್ರ ಏರುತ್ತಾ ಹೋಯಿತು.

ಇನ್ನು ಆ ಸಹೋದರಿ ಕೇಳಿದ ಚಿನ್ನ ಮತ್ತು ಸಹಿಯ ವಿಷಯ. ಬ್ಯಾಂಕ್ ಸಾಲವಿದ್ದರೆ ಬೆಂಕಿ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಸೇರಿರುತ್ತದೆ. ಪರಿಹಾರದ ಹಣ ಮೊದಲು ಹೋಗುವುದು ಬ್ಯಾಂಕಿಗೆ. ಸುಟ್ಟ ಅಂಗಡಿಯನ್ನು ಮತ್ತೆ ಕಟ್ಟಲು ಕೈಗೆ ಉಳಿಯುವುದು ಮಿಕ್ಕಿದ್ದಷ್ಟೇ. ನಿಮ್ಮ ಸಹಿ ಕೇಳುವ ಪುಟದಲ್ಲಿ 'ಗ್ಯಾರಂಟರ್' ಎಂಬ ಪದವಿದ್ದರೆ ಅಲ್ಲಿಯೇ ನಿಲ್ಲಿ. ಕರಾರು ಕಾಯಿದೆಯ 128ನೇ ಸೆಕ್ಷನ್ ಪ್ರಕಾರ, ಬೇರೆ ಷರತ್ತು ಬರೆದಿಲ್ಲದಿದ್ದರೆ, ಜಾಮೀನು ನಿಂತವರ ಹೊಣೆ ಸಾಲ ಪಡೆದವರ ಹೊಣೆಯಷ್ಟೇ ದೊಡ್ಡದು. ಬರೇ ಸಾಕ್ಷಿಯ ಸಹಿ ಎಂದು ಯಾರಾದರೂ ಹೇಳಿದರೆ ಆ ಪುಟವನ್ನು ಗೊತ್ತಿದ್ದವರಿಂದ ಓದಿಸಿರಿ. ವ್ಯಾಪಾರ ಕೂಡಿಬರದೆ ಮುಚ್ಚಿದರೆ ಅದಕ್ಕೆ ವಿಮೆ ಎಂಬುದಿಲ್ಲ. ಹೆಚ್ಚಿನವರ ಚಿನ್ನ ಕರಗುವುದು ಬೆಂಕಿಯಿಂದಲ್ಲ, ಇದರಿಂದ.

ಮಹ್ರ್ ಮತ್ತು ಆಭರಣ ಹೆಣ್ಣಿನ ಸ್ವಂತ ಸೊತ್ತು. ಪತಿಯ ವ್ಯಾಪಾರಕ್ಕೆ ಕೊಡುವುದು ಅವಳ ಔದಾರ್ಯ, ಕರ್ತವ್ಯವಲ್ಲ. ಕೊಡುವುದಾದರೆ ಎಷ್ಟು ಪವನ್, ಸಾಲವಾಗಿಯೋ ಪಾಲಾಗಿಯೋ, ಎಂದು ಇಬ್ಬರೂ ಕುಳಿತು ಬರೆದಿಡಿ. ಸಾಲವನ್ನು ಬರೆದಿಡಲು ಪವಿತ್ರ ಕುರ್‌ಆನ್ ಅದರ ಅತಿ ದೀರ್ಘ ಸೂಕ್ತದಲ್ಲೇ ಆದೇಶಿಸಿರುವಾಗ ಪತಿಯಲ್ಲಿ ಕಾಗದ ಕೇಳುವುದು ಅವಿಶ್ವಾಸವಾಗುವುದಾದರೂ ಹೇಗೆ? ಹಾಗೆಯೇ, ಪತಿ ಮರಣ ಹೊಂದಿದರೆ ಫ್ರಾಂಚೈಸಿ ಮನೆಯವರಿಗೆ ಮುಂದುವರಿಯುತ್ತದೋ ಅಥವಾ ಅಲ್ಲಿಗೇ ರದ್ದಾಗುತ್ತದೋ ಎಂದು ಕರಾರಿನಲ್ಲಿ ನೋಡಿ. ರದ್ದಾಗುವುದಾದರೆ ಠೇವಣಿ ಯಾರ ಕೈಗೆ ಎಂದೂ ಕೇಳಿ.

ಕೊನೆಗೆ ಪರಿಹಾರ ಪಡೆಯುವ ವಿಷಯ. ಅನಾಹುತವಾದ ಕೂಡಲೇ ವಿಮಾ ಕಂಪೆನಿಗೆ ಲಿಖಿತವಾಗಿ ತಿಳಿಸಬೇಕು. ಸರ್ವೇಯರ್ ಬರುವ ಮುನ್ನ ಸುಟ್ಟದ್ದನ್ನು ಗುಡಿಸಿ ಹೊರಹಾಕಬಾರದು. ಖರೀದಿಯ ಬಿಲ್ಲುಗಳು ಅಂಗಡಿಯಲ್ಲೇ ಇದ್ದರೆ ಅವೂ ಸುಟ್ಟುಹೋಗುತ್ತವೆ, ಆದ್ದರಿಂದ ಪಾಲಿಸಿ ಮತ್ತು ಬಿಲ್ಲುಗಳ ಒಂದೊಂದು ಪ್ರತಿ ಮನೆಯಲ್ಲಿ ನಿಮ್ಮ ಬಳಿ ಇರಲಿ. ವಿಮಾ ಕಂಪೆನಿ ಅನ್ಯಾಯವಾಗಿ ತಿರಸ್ಕರಿಸಿದೆ ಎನಿಸಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಒಬ್ಬರೇ ಮಾಲಕರಿರುವ ಅಂಗಡಿಗಳು ಮತ್ತು ಸೂಕ್ಷ್ಮ ಉದ್ಯಮಗಳ ಪಾಲಿಸಿಗಳೂ ಅವರ ವ್ಯಾಪ್ತಿಯಲ್ಲಿವೆ. 50 ಲಕ್ಷ ರೂ.ವರೆಗಿನ ಪರಿಹಾರವನ್ನು ಅವರು ಕೊಡಿಸಬಲ್ಲರು. ಶುಲ್ಕವಿಲ್ಲ, ವಕೀಲರನ್ನು ನೇಮಿಸಬೇಕಾಗಿಯೂ ಇಲ್ಲ. ಆದರೆ ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ದೂರು ತಲುಪಬೇಕು. ಆ ಪತ್ರವನ್ನು ಲಕೋಟೆಯ ಸಮೇತ ಜೋಪಾನವಾಗಿಡಿ, ತಾರೀಕು ಅದರ ಮೇಲೆಯೇ ಇರುತ್ತದೆ.